ಧರ್ಮಸ್ಥಳಕ್ಕಲ್ಲ, ಬೆಂಗಳೂರಿಗೆ!

ತುಮಕೂರಿನ ಮಂಡಿಪೇಟೆ ಕಡೆಯ ಒಂದು ಬೀದಿಯಲ್ಲಿ ಮೊನ್ನೆ ಭಾನುವಾರ ಸಂಜೆ ಏಳು ಮಂದಿ ಹೆಂಗಸರು ಟೈಲರ್ ಅಂಗಡಿಯೊಂದರ ಷಟರ್ ಅರ್ಧ ಎಳೆದುಕೊಂಡು ಒಳಗೆ ಸಭೆ ಸೇರಿದ್ದರು. ರಾಜಕೀಯ ಸಭೆಯಲ್ಲ. ಸ್ವಸಹಾಯ ಸಂಘದ ಸಾಲದ ಕಂತಿನ ವಿಚಾರವೂ ಅಲ್ಲ. ಎರಡು ವರ್ಷದಿಂದ ತಿಂಗಳಿಗೆ ತಲಾ 200 ರೂಪಾಯಿ ಹಾಕಿಕೊಂಡು ಬಂದ ಡಬ್ಬಿಯನ್ನು ಅಂದು ಒಡೆಯಲಾಯಿತು. ಒಬ್ಬೊಬ್ಬರ ಪಾಲಿಗೆ 4,800 ರೂಪಾಯಿ ಬಂತು. ಆ ದುಡ್ಡಿನಲ್ಲಿ ಓಲೆ ಮಾಡಿಸುವುದಿಲ್ಲ, ಮಿಕ್ಸಿ ತರುವುದಿಲ್ಲ, ಮಕ್ಕಳ ಫೀಜೂ ಕಟ್ಟುವುದಿಲ್ಲ ಎಂದು ಡಬ್ಬಿ ಇಟ್ಟ ದಿನವೇ ಕರಾರಾಗಿತ್ತು. ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವುದು. ಅಲ್ಲಿ ಒಂದು ಸ್ಪಾದಲ್ಲಿ ಮೈಗೆ ಎಣ್ಣೆ ತಿಕ್ಕಿಸಿಕೊಳ್ಳುವುದು. ರಾತ್ರಿ ರೂಮಿನಲ್ಲಿ ತಂಗುವುದು. ಭಾನುವಾರ ಒಂದು ನಾಟಕ ನೋಡಿಕೊಂಡು ವಾಪಸು ಬರುವುದು. ಗಂಡಂದಿರಿಲ್ಲ, ಮಕ್ಕಳಿಲ್ಲ, ಅತ್ತೆಯರಿಲ್ಲ.

ಸಭೆಯಲ್ಲಿ ಹಣದ ಲೆಕ್ಕ ಹತ್ತು ನಿಮಿಷಕ್ಕೆ ಮುಗಿಯಿತು. ಮುಗಿಯದೇ ಇದ್ದದ್ದು ಒಂದೇ ಪ್ರಶ್ನೆ. ಮನೆಯಲ್ಲಿ ಏನಂತ ಹೇಳುವುದು?

ಹೂವಿನ ವ್ಯಾಪಾರದಾಕೆ ಸುಲಭದ ದಾರಿ ತೋರಿಸಿದಳು. "ಧರ್ಮಸ್ಥಳಕ್ಕೆ ಅಂದ್ಬುಡಿ ಕಣ್ರಕ್ಕ. ಯಾರೂ ತುಟಿ ಬಿಚ್ಚಕ್ಕಿಲ್ಲ. ನಮ್ಮತ್ತೆ ಆದ್ರೆ ಅವ್ರೇ ನೂರು ರೂಪಾಯಿ ಕೊಟ್ಟು ಹುಂಡಿಗೆ ಹಾಕು ಅಂತಾರೆ."

ನಿವೃತ್ತಿಯಾದ ನರ್ಸಮ್ಮ ಇದ್ದಾರೆ, ಏಳು ಜನರಲ್ಲಿ ಹಿರಿಯರು. ಅವರು ಕೇಳಿದರು: "ಆ ನೂರು ರೂಪಾಯಿ ಏನ್ಮಾಡ್ತೀಯಮ್ಮ? ಪ್ರಸಾದ ಎಲ್ಲಿಂದ ತರ್ತೀಯ?"

"ಗಾಂಧಿಬಜಾರಲ್ಲಿ ಸಿಗಲ್ವೇ?"

ಎಲ್ಲರೂ ನಕ್ಕರು. ಆದರೆ ಕಿರಾಣಿ ಅಂಗಡಿಯಾಕೆ ನಗಲಿಲ್ಲ. ಮಾತು ಬಿಡ ಮಂಜುನಾಥ ಅಂತ ಗಾದೆನೇ ಇದೆ, ಆ ದೇವರ ಹೆಸರು ಹಿಡಿದು ಸುಳ್ಳು ಹೇಳುವ ಧೈರ್ಯ ತನಗಿಲ್ಲ, ಹಾಗೆ ಹೋಗುವುದಾದರೆ ತನ್ನ ಪಾಲು ವಾಪಸು ಕೊಟ್ಟುಬಿಡಿ ಎಂದಳು. ಸಭೆ ಅಲ್ಲಿಗೆ ಬಿಸಿಯಾಯಿತು. ತೀರ್ಮಾನವಾಗದೆಯೇ ಅಂದು ಷಟರ್ ಎತ್ತಿದರು.

ಈಗ ಊರು ಕೇಳಬೇಕಾದ ಪ್ರಶ್ನೆ ಬೇರೆ. ಐವತ್ತರ ಆಸುಪಾಸಿನ, ದುಡಿದು ತಿನ್ನುವ, ತಮ್ಮದೇ ದುಡ್ಡು ಕೂಡಿಟ್ಟಿರುವ ಹೆಂಗಸರು ಎಪ್ಪತ್ತು ಕಿಲೋಮೀಟರು ದೂರದ ಊರಿಗೆ ಎರಡು ದಿನ ಹೋಗಿಬರಲು ದೇವರನ್ನು ಜಾಮೀನು ಕೊಡಬೇಕೇಕೆ? ನಮ್ಮ ಕಡೆ ಹೆಂಗಸು ಮನೆ ಬಿಟ್ಟು ಹೊರಡಲು ಒಪ್ಪಿಗೆಯಿರುವ ಕಾರಣಗಳು ನಾಲ್ಕೇ. ದೇವರು, ಮದುವೆ, ಆಸ್ಪತ್ರೆ, ಸಾವು. ಐದನೆಯದು ಬೇಕಾದರೆ ಮಗಳ ಬಾಣಂತನ. ಅಲ್ಲಿ ಹೋದರೂ ಕೆಲಸವೇ. ಸುಮ್ಮನೆ, ಖುಷಿಗೆ, ಮೈಕೈ ಹಗುರವಾಗಲಿ ಅಂತ ಹೊರಟರೆ ಮಾತ್ರ ಬೀದಿಯ ಎಲ್ಲ ಕಿಟಕಿಗಳೂ ತೆರೆದುಕೊಳ್ಳುತ್ತವೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಟೀ ಅಂಗಡಿಗಳಲ್ಲಿ ಬಂದ ಮಾತು ಇನ್ನೂ ಹಳೆಯದಾಗಿಲ್ಲ. "ಬಸ್ಸು ಫ್ರೀ ಅಂತ ಹೆಂಗಸರೆಲ್ಲ ತಿರುಗಕ್ಕೆ ಶುರು ಹಚ್ಚಿದ್ರು" ಅಂತ. ಮೊದಲ ವಾರಗಳಲ್ಲಿ ಬಸ್ಸುಗಳೆಲ್ಲ ದೇವಸ್ಥಾನದ ದಾರಿ ಹಿಡಿದು ತುಂಬಿ ಹೋದವು, ಅದು ನಿಜ. ಯಾಕೆ ಹಾಗಾಯಿತು ಅಂತ ಯೋಚಿಸಿದವರು ಕಡಿಮೆ. ಟಿಕೆಟ್ಟು ಫ್ರೀ ಆಯಿತೇ ಹೊರತು ಹೊರಡುವುದಕ್ಕೆ ಮನೆಯ ಪರವಾನಗಿ ಫ್ರೀ ಆಗಿರಲಿಲ್ಲ. ಪರವಾನಗಿ ಸಿಗುತ್ತಿದ್ದ ಜಾಗಕ್ಕೇ ಅವರು ಹೋದರು.

ಗಂಡಸರ ವಿಚಾರ ಹೇಳಬೇಕೆ? ಇದು ಜಗಳ ಹಚ್ಚುವ ಮಾತಲ್ಲ, ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಇಲ್ಲಿನ ಹಳ್ಳಿಹಳ್ಳಿಯಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರನ್ನು ಇಟ್ಟುಕೊಂಡು ತಿಂಗಳುಗಟ್ಟಲೆ ಅಭ್ಯಾಸ ನಡೆಯುತ್ತದೆ. ಪಾರ್ಟು ಬೇಕಾದವರು ದುಡ್ಡು ಕಟ್ಟಬೇಕು. ಶಕುನಿಗೆ ಒಂದು ರೇಟು, ಭೀಮನಿಗೆ ಒಂದು, ಕೃಷ್ಣ ದುರ್ಯೋಧನರಿಗೆ ಅದರ ಮೇಲೆ. ಅಡಿಕೆ ಮಾರಿದ ದುಡ್ಡಿನಲ್ಲಿ, ಕೊಬ್ಬರಿ ಮಾರಿದ ದುಡ್ಡಿನಲ್ಲಿ ಸಾವಿರಾರು ರೂಪಾಯಿ ಸುರಿದು ಒಂದು ರಾತ್ರಿ ಕಿರೀಟ ಹೊತ್ತು, ಗದೆ ಹಿಡಿದು, ಬೆಳಗಿನ ಜಾವದವರೆಗೆ ಕಂದಪದ್ಯ ಹಾಡುತ್ತಾರೆ. ಮಾರನೆಯ ದಿನ ಮಧ್ಯಾಹ್ನದವರೆಗೆ ನಿದ್ದೆ. ಅದನ್ನು ಯಾರೂ ದುಂದು ಅನ್ನುವುದಿಲ್ಲ, ಕಲಾಸೇವೆ ಅನ್ನುತ್ತಾರೆ. ಅನ್ನಲಿ, ತಪ್ಪಿಲ್ಲ. ಹೊಲದಲ್ಲಿ ಬಗ್ಗಿದ ಬೆನ್ನು ವರ್ಷಕ್ಕೊಂದು ರಾತ್ರಿ ದುರ್ಯೋಧನನ ಹಾಗೆ ನೆಟ್ಟಗೆ ನಿಲ್ಲಬೇಕು ಅನ್ನಿಸುವುದು ಸಹಜ. ಆದರೆ ಹೊಲಿಗೆ ಮಿಷಿನ್ನಿನ ಮೇಲೆ ಬಗ್ಗಿದ ಬೆನ್ನಿಗೂ ಹಾಗೇ ಅನ್ನಿಸಬಹುದಲ್ಲವೆ ಸ್ವಾಮಿ?

ಇನ್ನು ಸ್ಪಾ ಎಂಬ ಶಬ್ದ. ಅದು ಕಿವಿಗೆ ಬಿದ್ದ ಕೂಡಲೇ ಗಂಡಂದಿರ ಹುಬ್ಬು ಮೇಲಕ್ಕೆ ಹೋಗುವುದಕ್ಕೆ ಪತ್ರಿಕೆಗಳದ್ದೂ ಪಾಲಿದೆ. ಸ್ಪಾ ಮೇಲೆ ದಾಳಿ, ಇಷ್ಟು ಜನರ ಬಂಧನ ಎಂಬ ಸುದ್ದಿ ಅಪರಾಧದ ಪುಟದಲ್ಲಿ ಆಗಾಗ ಬರುತ್ತದೆ. ಓದಿದವರ ತಲೆಯಲ್ಲಿ ಸ್ಪಾ ಅಂದರೆ ಅದೇ ಕೂತಿದೆ. ಮೂಲದಲ್ಲಿ ಅದು ಬೆಲ್ಜಿಯಂ ದೇಶದ ಒಂದು ಊರಿನ ಹೆಸರು. ಅಲ್ಲಿ ಖನಿಜದ ನೀರಿನ ಬುಗ್ಗೆಗಳಿವೆ, ಮೈ ನೋವಿನವರು ಶತಮಾನಗಳಿಂದ ಅಲ್ಲಿಗೆ ಹೋಗಿ ಮಿಂದು ಬರುತ್ತಿದ್ದರು. ಊರಿನ ಹೆಸರೇ ಕೆಲಸದ ಹೆಸರಾಯಿತು. ಡೇ ಸ್ಪಾ ಎಂದರೆ ತಂಗುವ ಗೋಜಿಲ್ಲದೆ ಎರಡು ಮೂರು ಗಂಟೆಯಲ್ಲಿ ಎಣ್ಣೆ ತಿಕ್ಕಿಸಿಕೊಂಡು, ಬಿಸಿ ಹಬೆ ತಗೊಂಡು, ಸ್ನಾನ ಮಾಡಿ ಎದ್ದು ಬರುವ ಜಾಗ, ಅಷ್ಟೆ. ನಮ್ಮಲ್ಲಿ ಇದು ಹೊಸದೇನಲ್ಲ. ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆಸ್ನಾನ ಮಾಡದ ಮನೆ ಯಾವುದಿದೆ?

ಈ ಮಾತಿಗೆ ನರ್ಸಮ್ಮ ಒಂದು ತಿದ್ದುಪಡಿ ಹಾಕಿದರು. ಮೂವತ್ತಕ್ಕೂ ಹೆಚ್ಚು ವರ್ಷ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವರು, ಅವರ ಮಾತಿಗೆ ತೂಕವಿದೆ. ದೀಪಾವಳಿ ದಿನ ಮನೆಮಂದಿಗೆಲ್ಲ ಎಣ್ಣೆ ಹಚ್ಚುವವಳು ಹೆಂಗಸು, ಅವಳಿಗೆ ಹಚ್ಚುವವರು ಯಾರು? ಅವಳು ಕೊನೆಗೆ ಉಳಿದ ಹಂಡೆಯ ನೀರು ತಾನೇ ಸುರಿದುಕೊಂಡು ಅಡಿಗೆಗೆ ಓಡುತ್ತಾಳೆ. "ಹೆಂಗಸಿನ ಬೆನ್ನಿಗೆ ಇನ್ನೊಬ್ಬರ ಕೈ ಎಣ್ಣೆ ಹಚ್ಚೋದು ಬಾಣಂತನದಲ್ಲಿ ಮಾತ್ರ ಕಣಮ್ಮ. ಮೊದಲಾದ್ರೆ ನಾಲ್ಕೈದು ಬಾಣಂತನ ಆಗ್ತಿತ್ತು, ನಾಲ್ಕೈದು ಸಲ ಸಿಗ್ತಿತ್ತು. ಈಗ ಒಂದು, ಇಲ್ಲಾಂದ್ರೆ ಎರಡು. ಆಮೇಲೆ ಆ ಬೆನ್ನನ್ನ ಕೇಳೋರು ಡಾಕ್ಟ್ರು ಮಾತ್ರ" ಎಂದರು. ಟೈಲರಮ್ಮ ಲೆಕ್ಕ ಹಾಕಿದರು. ಅವರ ಬೆನ್ನಿಗೆ ಯಾರಾದರೂ ಎಣ್ಣೆ ಹಚ್ಚಿ ಇಪ್ಪತ್ತಾರು ವರ್ಷವಾಗಿದೆ. ಹಚ್ಚಿದ್ದು ಅವರ ತಾಯಿ. ಆ ತಾಯಿ ಈಗಿಲ್ಲ.

ಹಾಗಾಗಿ ಏಳು ಜನ ಹೆಂಗಸರು ತಲಾ ಎರಡು ಸಾವಿರ ಕೊಟ್ಟು ಮೈಗೆ ಎಣ್ಣೆ ಹಚ್ಚಿಸಿಕೊಳ್ಳುತ್ತೇವೆ ಅಂದರೆ ಅದನ್ನು ಶೋಕಿ ಅನ್ನುವ ಮುಂಚೆ ಸ್ವಲ್ಪ ತಡೆಯಬೇಕು.

ಆದರೆ ಹೋಗುವವರು ಕಣ್ಣು ಮುಚ್ಚಿಕೊಂಡು ಹೋಗಬಾರದು. ಜಾಗ ಯಾವುದು ಎಂಬುದನ್ನು ಮೊದಲೇ ಫೋನು ಮಾಡಿ ವಿಚಾರಿಸಬೇಕು. ಹೆಂಗಸರಿಗೆ ಹೆಂಗಸರೇ ಮಾಡುತ್ತಾರೆಯೇ, ರೇಟಿನ ಪಟ್ಟಿ ಗೋಡೆಯ ಮೇಲೆ ಇದೆಯೇ, ಬಿಲ್ಲು ಕೊಡುತ್ತಾರೆಯೇ, ಪಾಲಿಕೆಯ ಲೈಸೆನ್ಸ್ ಕಾಣುವ ಹಾಗೆ ಇಟ್ಟಿದ್ದಾರೆಯೇ ಎಂದು ಕೇಳಲು ನಾಚಿಕೆ ಬೇಡ. ಫೋನಿನಲ್ಲಿ ಹೇಳಿದ ರೇಟು ತೆರಿಗೆ ಸೇರಿಯೋ ಸೇರದೆಯೋ ಎಂಬುದನ್ನೂ ಕೇಳಬೇಕು. ಇಂಥ ಸೇವೆಗೆ ಮೊದಲು ನೂರಕ್ಕೆ 18ರಂತೆ ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು 5ಕ್ಕೆ ಇಳಿದಿದೆ. ಸಾವಿರಕ್ಕೆ 180 ಕೊಡುತ್ತಿದ್ದ ಕಡೆ 50. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ದರವನ್ನೇ ಬಿಲ್ಲಿಗೆ ಸೇರಿಸಿದರೆ ಅಲ್ಲೇ ನಿಂತು ಕೇಳಬೇಕು. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು, ಆಪರೇಷನ್ ಆದವರು ಮುಂಚೆಯೇ ತಿಳಿಸಬೇಕು. ಬಿ.ಪಿ. ಇದ್ದವರಿಗೆ ಬಿಸಿ ಹಬೆಯ ಪೆಟ್ಟಿಗೆ ಬೇಡವೇ ಬೇಡ ಎಂದು ನರ್ಸಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ. ಹೊಟ್ಟೆ ತುಂಬ ಬಿರಿಯಾನಿ ತಿಂದು ಹೋಗಿ ಮಲಗುವುದೂ ಬೇಡ.

ತಾಳಿಯ ವಿಚಾರಕ್ಕೆ ಅರ್ಧ ಗಂಟೆ ಹೋಯಿತು. ಎಣ್ಣೆ ತಿಕ್ಕುವಾಗ ಸರ ತೆಗೆದಿಡಿ ಅಂತಾರಂತೆ. ಹೂವಿನಾಕೆ, ತೆಗೆಯುವುದಿಲ್ಲ ಎಂದಳು. ಅಂಗನವಾಡಿ ಟೀಚರ್, ಹಂಗಾದ್ರೆ ಎಣ್ಣೆಯಲ್ಲಿ ಚಿನ್ನದ ಸರ ಜಾರಿ ಎಲ್ಲಿ ಹೋಗುತ್ತೋ ಅಂತ ಅದರ ಮೇಲೇ ಕಣ್ಣಿಟ್ಟು ಮಲಗಬೇಕು, ಅದಕ್ಕೆ ಎರಡು ಸಾವಿರ ಯಾಕೆ ಎಂದರು. ಕೊನೆಗೆ ಆದ ಒಪ್ಪಂದ ಇದು: ಚಿನ್ನದ ಸರ ಮನೆಯ ಬೀರುವಿನಲ್ಲಿರಲಿ, ಎರಡು ದಿನಕ್ಕೆ ಅರಿಶಿನದ ದಾರ ಸಾಕು. ದಾರಕ್ಕೆ ಎಣ್ಣೆ ಹತ್ತಿದರೆ ಯಾವ ದೇವರೂ ಮುನಿಸಿಕೊಳ್ಳುವುದಿಲ್ಲ. ಮೆಜೆಸ್ಟಿಕ್ಕಿನ ನೂಕುನುಗ್ಗಲಿಗೂ ಅದೇ ಕ್ಷೇಮ.

ನಾಟಕದ ವಿಷಯಕ್ಕೆ ಬಂದರೆ ಹೊಟ್ಟೆ ಉರಿಯುತ್ತದೆ. ತುಮಕೂರು ಜಿಲ್ಲೆಯ ಹೆಂಗಸು ನಾಟಕ ನೋಡಲು ಬೆಂಗಳೂರಿಗೆ ಹೋಗಬೇಕೆ! ಇಲ್ಲಿಂದ ಇಪ್ಪತ್ತು ಕಿಲೋಮೀಟರು ಆಚೆಗಿರುವ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪನಿ ಅದು. ವೀರಣ್ಣನವರ ಕಾಲಕ್ಕೆ ನಾಡಿನಾಚೆಗೂ ಹೆಸರು ಮಾಡಿತು. ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನು ತಂದು ಕುರುಕ್ಷೇತ್ರ ಆಡಿತು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಮುಂತಾದವರು ಅದರ ನೆರಳಿನಲ್ಲಿ ಬೆಳೆದವರು. ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ಕಾಲದಲ್ಲಿ ಬಿ. ಜಯಮ್ಮನವರಂಥ ಕಲಾವಿದೆಯರು ಆ ಕಂಪನಿಯಲ್ಲಿ ಮೆರೆದರು. ಕಂಪನಿ ನಾಟಕದ ಟೆಂಟುಗಳಲ್ಲಿ ಹೆಂಗಸರಿಗೇ ಅಂತ ಬೇರೆ ಕೂರುವ ಜಾಗವಿರುತ್ತಿತ್ತು. ಕಿರಾಣಿ ಅಂಗಡಿಯಾಕೆಯ ಅಜ್ಜಿ ಗಾಡಿ ಕಟ್ಟಿಸಿಕೊಂಡು, ಬುತ್ತಿ ಕಟ್ಟಿಕೊಂಡು, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ನಾಟಕ ನೋಡಿ ಬೆಳಿಗ್ಗೆ ಬರುತ್ತಿದ್ದರಂತೆ. ಮೊಮ್ಮಗಳು ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಕೂತು ಒಂದು ನಾಟಕ ನೋಡಿಲ್ಲ. ಗಾಡಿಯ ಕಾಲದಲ್ಲಿ ಆದದ್ದು ಕಾರಿನ ಕಾಲದಲ್ಲಿ ಆಗುತ್ತಿಲ್ಲ.

ತುಮಕೂರಿನಲ್ಲಿ ಗುಬ್ಬಿ ವೀರಣ್ಣನವರ ಹೆಸರಿನದೇ ಕಲಾಕ್ಷೇತ್ರ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಪೌರಾಣಿಕ ನಾಟಕಗಳು ನಡೆಯುತ್ತವೆ, ಸಭೆ ಸಮಾರಂಭ ನಡೆಯುತ್ತವೆ, ಹೊಸ ನಾಟಕಗಳೂ ಆಗಾಗ ಬರುತ್ತವೆ. ಆದರೆ ಸಂಜೆ ಶುರುವಾಗಿ ರಾತ್ರಿಗೆ ಹೋಗುವ ನಾಟಕಕ್ಕೆ ಅಂಗಡಿ ನೋಡುವ ಹೆಂಗಸು, ಏಳು ಗಂಟೆಗೆ ಕುಕ್ಕರ್ ಇಡುವ ಹೆಂಗಸು ಹೇಗೆ ಹೋಗಬೇಕು? ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಒಂದು ಆಟ ಇಟ್ಟು ನೋಡಲಿ. ಬೆಂಗಳೂರಿನ ರಂಗಶಂಕರದಲ್ಲಿ ಭಾನುವಾರ ಸಾಮಾನ್ಯವಾಗಿ ಮಧ್ಯಾಹ್ನ ಮೂರೂವರೆಗೆ ಒಂದು, ರಾತ್ರಿ ಏಳೂವರೆಗೆ ಒಂದು ಆಟ ಇಡುತ್ತಾರೆ. ಈ ಏಳು ಮಂದಿ ಹೆಂಗಸರು ಆ ಜಾಗವನ್ನು ಆರಿಸಿದ್ದು ಹೆಸರು ನೋಡಿ ಅಲ್ಲ, ಹೊತ್ತು ನೋಡಿ.

ಹೆಸರೂ ಸಣ್ಣದೇನಲ್ಲ. ಶಂಕರ್‌ನಾಗ್ 1990ರಲ್ಲಿ ದಾವಣಗೆರೆ ಹತ್ತಿರ ಅಪಘಾತದಲ್ಲಿ ತೀರಿಕೊಂಡ ಮೇಲೆ ಅವರ ನೆನಪಿಗೆಂದು ಅವರ ಪತ್ನಿ ಅರುಂಧತಿ ನಾಗ್ ವರ್ಷಗಟ್ಟಲೆ ಓಡಾಡಿ ಜೆ.ಪಿ. ನಗರದಲ್ಲಿ ಕಟ್ಟಿಸಿದ ರಂಗಮಂದಿರ ಅದು, 2004ರಲ್ಲಿ ಬಾಗಿಲು ತೆರೆಯಿತು. ಅಲ್ಲಿ ಒಂದು ಕಟ್ಟುನಿಟ್ಟಿದೆ. ನಾಟಕ ಶುರುವಾದ ಮೇಲೆ ಯಾರು ಬಂದರೂ ಒಳಗೆ ಬಿಡುವುದಿಲ್ಲ. ಮಂತ್ರಿಯಾಗಲಿ, ತುಮಕೂರಿನಿಂದ ಬಂದವರಾಗಲಿ, ಬಾಗಿಲು ಹಾಕಿದರೆ ಹಾಕಿದ್ದೇ. ನಮ್ಮ ಕಡೆಯ ಸಮಾರಂಭಗಳ ಹಾಗೆ ಐದು ಗಂಟೆ ಅಂದರೆ ಆರೂವರೆ ಎಂದು ತಿಳಿದು ಹೋದವರು ಗೇಟಿನಲ್ಲೇ ಕಾಫಿ ಕುಡಿದು ವಾಪಸು ಬರಬೇಕಾಗುತ್ತದೆ. ಅಲ್ಲಿ ಟಿಕೆಟ್ಟು ಸಿಗದಿದ್ದರೆ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ಇದೆ, ಅದರ ಹಿಂದೆ ಸಂಸ ಬಯಲು ರಂಗಮಂದಿರ ಇದೆ, ಹನುಮಂತನಗರದಲ್ಲಿ ಕೆ.ಎಚ್. ಕಲಾಸೌಧ ಇದೆ. 500 ರೂಪಾಯಿ ದಾಟದ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿಯೂ ಇಲ್ಲ. ಯಾವ ನಾಟಕ ಎಂಬುದರ ಬಗ್ಗೆ ಹೆಂಗಸರಿಗೆ ಹಟವಿಲ್ಲ. ಗಿರೀಶ ಕಾರ್ನಾಡರ ನಾಗಮಂಡಲ ಸಿಕ್ಕರೆ ನೋಡಬೇಕು ಅಂತ ಟೀಚರಿಗೆ ಒಂದು ಆಸೆ, ಸಿನಿಮಾ ನೋಡಿದ್ದಾರಂತೆ. ಅದರಲ್ಲಿ ಗಂಡ ಹೆಂಡತಿಯನ್ನು ಮನೆಯೊಳಗೆ ಕೂಡಿ ಬೀಗ ಹಾಕಿಕೊಂಡು ಹೋಗುತ್ತಾನೆ. "ನಮ್ಮನೇಲಿ ಬೀಗ ಹಾಕಲ್ಲ, ಎಲ್ಲಿಗೆ ಅಂತ ಕೇಳ್ತಾರೆ, ಅಷ್ಟೇ" ಎಂದು ಅವರು ಸೇರಿಸಿದರು.

ರೂಮಿನದು ದೊಡ್ಡ ತಲೆನೋವು. ಬೆಂಗಳೂರಿನಲ್ಲಿ ನೆಂಟರಿಲ್ಲದ ತುಮಕೂರಿನವರಿಲ್ಲ. ಹಾಗಿದ್ದ ಮೇಲೆ ನೆಂಟರ ಮನೆಯಲ್ಲಿ ಉಳಿಯಬಾರದೇಕೆ ಎಂಬುದು ಗಂಡಸರ ಸಲಹೆ. ನೆಂಟರ ಮನೆಗೆ ಹೋದ ಹೆಂಗಸು ಬೆಳಿಗ್ಗೆ ಎದ್ದು ಏನು ಮಾಡುತ್ತಾಳೆ? ಸೆರಗು ಸಿಕ್ಕಿಸಿ ಅಡಿಗೆಮನೆಗೆ ನಡೆದು, ಕೊಡಿ ನಾನು ಈರುಳ್ಳಿ ಹೆಚ್ಚುತೀನಿ ಅನ್ನುತ್ತಾಳೆ. ಮನೆಯ ಈರುಳ್ಳಿ ಬಿಟ್ಟು ಬೆಂಗಳೂರಿನ ಈರುಳ್ಳಿ ಹೆಚ್ಚುವುದಕ್ಕೆ ಡಬ್ಬಿ ಒಡೆಯಬೇಕಾಗಿರಲಿಲ್ಲ. ಈ ಇಡೀ ಪ್ರಯಾಣದಲ್ಲಿ ಅವರಿಗೆ ಬೇಕಾದದ್ದು ಸ್ಪಾಕ್ಕಿಂತ, ನಾಟಕಕ್ಕಿಂತ ಹೆಚ್ಚಾಗಿ ಭಾನುವಾರದ ಬೆಳಗಿನ ಒಂದು ಕಾಫಿ. ಹಾಸಿಗೆ ಮೇಲೆ ಕೂತಿರುವಾಗ ಬೇರೆ ಯಾರೋ ಮಾಡಿ ತಂದುಕೊಡುವ ಕಾಫಿ. ಬೆಳಿಗ್ಗೆ ಹೋಗಿ ರಾತ್ರಿ ಬಂದುಬಿಡಿ ಎಂದವರಿಗೆ ಈ ಒಂದು ವಿಷಯ ಹೊಳೆದಿಲ್ಲ.

ಲಾಡ್ಜಿಗೆ ಫೋನು ಮಾಡಿದರೆ ಒಂದು ಕಡೆ, ಜೊತೆಗೆ ಗಂಡಸರು ಯಾರಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದ ತಕ್ಷಣ ರೂಮಿಲ್ಲ ಎಂಬ ಉತ್ತರ ಬಂತು. ಹತ್ತು ನಿಮಿಷ ಬಿಟ್ಟು ಟೈಲರಮ್ಮನ ಮಗ ಅದೇ ನಂಬರಿಗೆ ಮಾಡಿದರೆ ರೂಮಿತ್ತು. ಎಂಥ ನ್ಯಾಯ ನೋಡಿ! ಗಂಡಸರು ಏಳು ಜನ ಒಂದು ರೂಮು ಕೇಳಿದರೆ ಇಸ್ಪೀಟು ಆಡುತ್ತಾರೆಂದು ಗೊತ್ತಿದ್ದೂ ಕೊಡುವವರು, ಮೊಮ್ಮಕ್ಕಳನ್ನು ಕಂಡ ಹೆಂಗಸರಿಗೆ ಇಲ್ಲ ಅನ್ನುತ್ತಾರೆ. ಕೊನೆಗೆ ಜಯನಗರದ ಕಡೆ ಒಂದು ಜಾಗದವರು ಎಲ್ಲರ ಆಧಾರ್ ಪ್ರತಿ ತನ್ನಿ, ಬೇರೇನೂ ಬೇಡ ಎಂದು ಎರಡು ರೂಮು ಒಪ್ಪಿಕೊಂಡಿದ್ದಾರೆ. ತಲೆಗೆ 700 ರೂಪಾಯಿ ಬೀಳುತ್ತದೆ. ಸ್ಪಾಕ್ಕೆ 2,000, ನಾಟಕಕ್ಕೆ 300, ಊಟತಿಂಡಿಗೆ 600, ಮೆಟ್ರೋ ಆಟೋಗೆ 300. ಒಟ್ಟು 3,900. ಮಿಕ್ಕ 900 ರೂಪಾಯಿಗೆ ಏನು ಬೇಕಾದರೂ ಮಾಡಬಹುದು, ಲೆಕ್ಕ ಕೇಳುವಂತಿಲ್ಲ ಎಂದು ಠರಾವಾಗಿದೆ.

ಬಸ್ಸಿನ ವಿಚಾರ ದಿನಾ ಓಡಾಡುವವರಿಗೆ ಬಾಯಿಪಾಠ, ಹೊಸಬರಿಗಾಗಿ ಒಂದೆರಡು ಮಾತು. ಫ್ರೀ ಟಿಕೆಟ್ಟು ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ. ರಾಜಹಂಸ, ಐರಾವತ ಹತ್ತಿದರೆ ದುಡ್ಡು ಕೊಡಬೇಕು. ಆಧಾರ್ ಕಾರ್ಡು ಕೈಯಲ್ಲಿರಲಿ, ಟ್ರಂಕಿನ ತಳದಲ್ಲಲ್ಲ. ಊರಿಂದೂರಿಗೆ ಹೋಗುವ ಸಾರಿಗೆ ಬಸ್ಸಿನಲ್ಲಿ ಅರ್ಧ ಸೀಟು ಗಂಡಸರಿಗೆ ಎಂದು ಯೋಜನೆ ಬಂದಾಗಲೇ ನಿಗದಿಯಾದದ್ದು, ಅದಕ್ಕೆ ಜಗಳ ಬೇಡ. ಏಳು ಜನ ಒಟ್ಟಿಗೆ ಕೂರಬೇಕಾದರೆ ಬಸ್ ನಿಲ್ದಾಣದಲ್ಲೇ ಹತ್ತಬೇಕು, ಬಟವಾಡಿಯಲ್ಲಿ ಕೈ ಅಡ್ಡ ಹಾಕಿದರೆ ನಿಂತು ಹೋಗಬೇಕಾಗುತ್ತದೆ. ಹತ್ತುವ ಮುಂಚೆ ಕಂಡಕ್ಟರನ್ನು ಒಂದೇ ಪ್ರಶ್ನೆ ಕೇಳಬೇಕು. ಫ್ಲೈಓವರ್ ಮೇಲೋ, ಕೆಳಗೋ? ಮೇಲೆ ಹೋಗುವ ಬಸ್ಸು ದಾಸರಹಳ್ಳಿ, ಜಾಲಹಳ್ಳಿ ಕ್ರಾಸು ಬಿಟ್ಟು ಗೊರಗುಂಟೆಪಾಳ್ಯದ ಕಡೆ ಇಳಿಯುತ್ತದೆ. ಕೆಳಗಿನದಾದರೆ ದಾರಿಯಲ್ಲೇ ಇಳಿದು ಮೆಟ್ರೋ ಹಿಡಿಯಬಹುದು. 2024ರ ನವೆಂಬರಿನಿಂದ ಹಸಿರು ಮಾರ್ಗ ಮಾದಾವರದವರೆಗೆ ಬಂದಿದೆ, ಅಲ್ಲಿಂದ ಗಾಡಿ ಬದಲಿಸದೆ ಮೆಜೆಸ್ಟಿಕ್ ದಾಟಿ ಜಯನಗರ, ಬನಶಂಕರಿ, ಜೆ.ಪಿ. ನಗರಕ್ಕೆ ಹೋಗಬಹುದು. ಮೆಟ್ರೋಗೆ ಶಕ್ತಿ ಯೋಜನೆ ಇಲ್ಲ, ಟಿಕೆಟ್ಟು ತಗೋಬೇಕು. ಆದರೆ ಮೂರೂವರೆ ಬಾಗಿಲು ಹಿಡಿಯುವವರಿಗೆ ಬೆಂಗಳೂರಿನ ಟ್ರಾಫಿಕ್ಕಿನ ಮೇಲೆ ನಂಬಿಕೆಯಿಡುವುದಕ್ಕಿಂತ ಅದೇ ಮೇಲು. ನಾಟಕ ಸಂಜೆ ಬಿಡುತ್ತದೆ, ರಾತ್ರಿ ಊಟದ ಹೊತ್ತಿಗೆ ತುಮಕೂರು.

ಒಂದು ಆಕ್ಷೇಪಣೆಗೆ ಉತ್ತರ ಕೊಡಲೇಬೇಕು. ಎಂ.ಜಿ. ರಸ್ತೆಯ ವ್ಯಾಪಾರಿಗಳೊಬ್ಬರು ಈ ಸುದ್ದಿ ಕೇಳಿ, ಇಲ್ಲಿನ ದುಡ್ಡು ಬೆಂಗಳೂರಿಗೆ ಯಾಕೆ ಹೋಗಬೇಕು, ತುಮಕೂರಿನಲ್ಲಿ ಬ್ಯೂಟಿ ಪಾರ್ಲರ್ ಇಲ್ಲವೇ ಎಂದರು. ಮಾತು ಸರಿಯೇ. ಆದರೆ ಇಲ್ಲಿನ ಪಾರ್ಲರಿನ ಪಕ್ಕದ ಕುರ್ಚಿಯಲ್ಲಿ ನಾದಿನಿ ಕೂತಿರುತ್ತಾಳೆ. ಎದುರಿನ ಕುರ್ಚಿಯಲ್ಲಿ ಮಗನ ಟೀಚರು. ಕಣ್ಣು ಮುಚ್ಚಿ ಮಲಗಿದರೂ ಯಾರು ನೋಡಿದರು, ಎಲ್ಲಿ ಹೇಳುತ್ತಾರೆ ಎಂಬ ಚಿಂತೆ ಮೇಲೆ ಕೂತಿರುತ್ತದೆ. ಗುರುತಿನವರಿಲ್ಲದ ಊರಿಗೆ ಜನ ಹೋಗುವುದು ಅದಕ್ಕೇ. ಗಂಡಸರೂ ಅದಕ್ಕೇ ಹೋಗುತ್ತಾರೆ, ಅದರ ವಿವರ ಇಲ್ಲಿ ಬೇಡ. ಇಲ್ಲಿನ ದುಡ್ಡು ಇಲ್ಲೇ ಉಳಿಯಬೇಕೆಂಬ ಆಸೆ ವ್ಯಾಪಾರಿ ಬಂಧುಗಳಿಗೆ ನಿಜವಾಗಿ ಇದ್ದರೆ, ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಒಂದು ಒಳ್ಳೆಯ ನಾಟಕವನ್ನು ಕಲಾಕ್ಷೇತ್ರಕ್ಕೆ ತರಿಸುವ ಖರ್ಚನ್ನು ನಾಲ್ಕು ಅಂಗಡಿಯವರು ಹಂಚಿಕೊಳ್ಳಲಿ. ಗಣಪತಿ ಆರ್ಕೆಸ್ಟ್ರಾಕ್ಕೆ ಕೊಡುವ ಚಂದಾ ಅದಕ್ಕೆ ಧಾರಾಳವಾಗಿ ಸಾಕು. ನಾಟಕ ಬಿಟ್ಟು ಬಂದ ಹೆಂಗಸರು ಐದೂವರೆಗೆ ಎಂ.ಜಿ. ರಸ್ತೆಯಲ್ಲೇ ಇರುತ್ತಾರೆ, ಕೈಯಲ್ಲಿ ಪರ್ಸು ಇರುತ್ತದೆ. ಇದಕ್ಕಿಂತ ಬಿಡಿಸಿ ಹೇಳುವುದೇನಿದೆ?

ಆದರೆ ನಾಳೆ ನಾಟಕ ತುಮಕೂರಿಗೇ ಬಂದರೂ ಕಾಫಿಯ ಪ್ರಶ್ನೆ ಉಳಿಯುತ್ತದೆ. ಹಾಸಿಗೆಯ ಮೇಲಿನ ಕಾಫಿಗೆ ಊರು ಬಿಡಲೇಬೇಕು.

ಕಿರಾಣಿ ಅಂಗಡಿಯಾಕೆ ಕೊನೆಗೆ ಸುಳ್ಳು ಹೇಳಲಿಲ್ಲ. ಮಂಗಳವಾರ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಗಂಡನ ಹತ್ತಿರ ಇದ್ದದ್ದು ಇದ್ದ ಹಾಗೆ ಹೇಳಿದಳಂತೆ. ಬೆಂಗಳೂರು, ಸ್ಪಾ, ರೂಮು, ನಾಟಕ, ಎಲ್ಲ. ಆತ ತಕ್ಕಡಿ ಒರೆಸುತ್ತಿದ್ದವರು ಕೈ ನಿಲ್ಲಿಸಿ, "ಎಣ್ಣೆ ಹಚ್ಚಿಸ್ಕೊಳ್ಳಕ್ಕೆ ಬೆಂಗಳೂರಿಗಾ?" ಎಂದರಂತೆ. ಆಕೆ ಹೌದು ಎಂದಳು. ಆತ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಊಟದ ಹೊತ್ತಿನಲ್ಲಿ ಮಾತಿಲ್ಲ. ಬುಧವಾರ ಬೆಳಿಗ್ಗೆ ಬೀದಿಯವರು ಕಂಡ ಹಾಗೆ ಅಂಗಡಿಯ ಮುಂದೆ ಎಂದಿನಂತೆ ಜನ ನಿಂತಿದ್ದರು, ಆತ ಗಲ್ಲದ ಹಿಂದೆ ಏನನ್ನೋ ಹುಡುಕುತ್ತಿದ್ದರು. ಸಾಲದ ಪುಸ್ತಕ. ಮೂಟೆಯ ಹಿಂದಿನ ಗೂಡಿನಲ್ಲಿದೆ ಎಂದು ಆಕೆ ಒಳಗಿನಿಂದ ಹೇಳಿದಳು. ಬ್ಯಾಂಕಿನವರ ಪಿಗ್ಮಿ ಎಷ್ಟು ಹೊತ್ತಿಗೆ, ಹಾಲಿನ ಕ್ರೇಟು ಯಾರಿಗೆ ಎಣಿಸಿ ಕೊಡಬೇಕು, ಯಾವ ಮನೆಗೆ ಸೋನಾಮಸೂರಿ ಹಳೆಯದು ಕೊಡಬೇಕು, ಯಾರಿಗೆ ಸಾಲ ನಿಲ್ಲಿಸಿದೆ, ಒಂದೊಂದೇ ಕೇಳತೊಡಗಿದರು. ಆಕೆ ಹಳೆಯ ಕ್ಯಾಲೆಂಡರಿನ ಹಿಂದುಗಡೆ ಎಲ್ಲವನ್ನೂ ಬರೆದು ಮೊಳೆಗೆ ನೇತುಹಾಕಿದ್ದಾಳೆ. ಕೆಳಗಡೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಇದೆ: ಶನಿವಾರ, ಭಾನುವಾರ ಫೋನು ಮಾಡಬೇಡಿ.